ಜಂತ್ರಡಿಯ ಹಲಗೆ ಯಾರ ಕೈಯಲ್ಲಿ? ಅಘನಾಶಿನಿ ದಡದ ಒಂದು ಕೇರಿಯ ಬಾವಿಗಳು

ಕುಮಟಾ ತಾಲೂಕಿನಲ್ಲಿ ಅಘನಾಶಿನಿ ಅಳಿವೆಗೆ ತಾಗಿಕೊಂಡಿರುವ ಒಂದು ಕೇರಿಯ ಬಾವಿಗಳು ಕೆಲವೇ ವರ್ಷಗಳಲ್ಲಿ ಒಂದರ ಹಿಂದೆ ಒಂದರಂತೆ ಸವಳಾದವು. ಮೊದಲು ಗಜನಿಯ, ಅಂದರೆ ಹೊಳೆದಡದ ತಗ್ಗು ಗದ್ದೆಬಯಲಿನ, ಅಂಚಿನ ಮನೆಗಳ ಬಾವಿ, ಆಮೇಲೆ ನಡುಕೇರಿಯ ಬಾವಿ. ಸುಗ್ಗಿ ಕುಣಿತದ ಹೊತ್ತಿಗೆ ನೀರಿನ ರುಚಿ ತಿರುಗುತ್ತಿತ್ತು, ಯುಗಾದಿ ಕಳೆಯುವಷ್ಟರಲ್ಲಿ ಬೇಳೆ ಬೇಯುತ್ತಿರಲಿಲ್ಲ, ಏಪ್ರಿಲ್ ಮುಗಿಯುವ ಮೊದಲೇ ಪಂಚಾಯಿತಿಯ ಟ್ಯಾಂಕರಿನ ಮುಂದೆ ಕೊಡಗಳ ಸಾಲು. ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಸೀಮೆಯ ಕಥೆ ಇದು. ಕುಮಟಾದಲ್ಲಿ ರಸಾಯನಶಾಸ್ತ್ರ ಪಾಠ ಮಾಡುವ ನಾನು ವಿದ್ಯಾರ್ಥಿಗಳೊಂದಿಗೆ ಆ ಬಾವಿಗಳ ನೀರನ್ನು ಪರೀಕ್ಷಿಸಲು ಹೋದೆ. ಹೋದಮೇಲೆ ನೀರಿನ ಗುಣಕ್ಕಿಂತ ಹೆಚ್ಚಾಗಿ ನೀರಿನ ಆಡಳಿತವನ್ನೇ ಬರೆದುಕೊಳ್ಳಬೇಕಾಯಿತು. ಅಲ್ಲಿಯ ಗಜನಿ ಗುತ್ತಿಗೆಯ ತಕರಾರು ಇನ್ನೂ ಪೂರ್ತಿ ಆರಿಲ್ಲ. ಹಾಗಾಗಿ ಕೇರಿಯ ಹೆಸರನ್ನೂ ಜನರ ಹೆಸರನ್ನೂ ಬರೆಯುತ್ತಿಲ್ಲ.

ಪರೀಕ್ಷೆಯ ಪೆಟ್ಟಿಗೆ ಬಿಚ್ಚುವ ಮೊದಲೇ ಹಾಲಕ್ಕಿ ಸಮುದಾಯದ ಹಿರಿಯರೊಬ್ಬರು ರೋಗದ ಹೆಸರು ಹೇಳಿಬಿಟ್ಟಿದ್ದರು: "ಮಾಸ್ತರರೇ, ಬಾವಿ ಕೆಟ್ಟಿಲ್ಲ. ಜಂತ್ರಡಿ ಕೆಟ್ಟಿದೆ." ಜಂತ್ರಡಿ ಎಂದರೆ ಹೊಳೆಯ ಒಡ್ಡಿನಲ್ಲಿ ನೀರನ್ನು ಬಿಡುವ, ತಡೆಯುವ ಹಲಗೆಬಾಗಿಲು. ನಮ್ಮ ಪರೀಕ್ಷೆಗಳೆಲ್ಲ ಕೊನೆಗೆ ಆ ಮಾತನ್ನೇ ಅಂಕಿಗಳಲ್ಲಿ ಹೇಳಿದವು.

ಹೊಳೆ, ಒಡ್ಡು, ಗಜನಿ

ಅಘನಾಶಿನಿ ಶಿರಸಿಯ ಮಗಳು. ಶಂಕರತೀರ್ಥದಿಂದ ಒಂದು ಕವಲು, ಮಂಜುಗುಣಿಯಿಂದ ಇನ್ನೊಂದು. ಎರಡೂ ಕೂಡಿ ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಕಾಡು ಇಳಿದು, ತದಡಿ ಮತ್ತು ಅಘನಾಶಿನಿ ಎಂಬ ಎರಡು ಊರುಗಳ ನಡುವೆ ಕಡಲು ಸೇರುತ್ತವೆ. ಈ ಹಾದಿಯಲ್ಲಿ ಎಲ್ಲಿಯೂ ದೊಡ್ಡ ಅಣೆಕಟ್ಟಿಲ್ಲ. ಅದರಿಂದಾಗಿ ಅಳಿವೆಯಲ್ಲಿ ಋತುಮಾನ ಇನ್ನೂ ಜೀವಂತವಾಗಿದೆ: ಆಷಾಢದಲ್ಲಿ ಬಾಯಿಯವರೆಗೂ ಕೆಂಪು ಸಿಹಿನೀರು, ಚೈತ್ರದಲ್ಲಿ ಮೈಲುಗಟ್ಟಲೆ ಒಳಕ್ಕೆ ಉಪ್ಪುನೀರು. 2024ರ ಜನವರಿಯಲ್ಲಿ ಈ ಅಳಿವೆಯ 4801 ಹೆಕ್ಟೇರ್ ಪ್ರದೇಶ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೆ ಸೇರಿತು.

ದಕ್ಷಿಣಕ್ಕೆ ಹೊನ್ನಾವರದಲ್ಲಿ ಶರಾವತಿ ಇದೆ. ಅದರ ಕಥೆ ಬೇರೆ. 1964ರಲ್ಲಿ ಲಿಂಗನಮಕ್ಕಿ ಮುಗಿಯಿತು, ಈ ಶತಮಾನದ ಆರಂಭದ ಹೊತ್ತಿಗೆ ಗೇರುಸೊಪ್ಪದ ಅಣೆಕಟ್ಟೂ ಬಂತು. ವಿದ್ಯುದಾಗಾರದಿಂದ ಹೊರಬೀಳುವ ನೀರು ಬೇಸಿಗೆಯಲ್ಲೂ ಹರಿಯುತ್ತಲೇ ಇರುವುದರಿಂದ ಶರಾವತಿಯ ಅಳಿವೆಯ ಉಪ್ಪು ಇಳಿದುಹೋಯಿತು, ಉಪ್ಪು ಬೇಡುವ ಚಿಪ್ಪಿಕಲ್ಲುಗಳು ಅಲ್ಲಿ ಕ್ಷೀಣಿಸಿದವು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಎಂ.ಡಿ. ಸುಭಾಶ್ಚಂದ್ರನ್ ಅವರ ತಂಡ ಎರಡು ಅಳಿವೆಗಳನ್ನೂ ಅಧ್ಯಯನ ಮಾಡಿ ಈ ವ್ಯತ್ಯಾಸವನ್ನು ದಾಖಲಿಸಿದೆ. ಅಘನಾಶಿನಿಯಲ್ಲಿ ಇಳಿತದ ಹೊತ್ತಿಗೆ ನೂರಾರು ಹೆಂಗಸರು ಗಂಡಸರು ಸೊಂಟಮಟ್ಟ ನೀರಿಗಿಳಿದು ಚಿಪ್ಪಿ ಆರಿಸುತ್ತಾರೆ. ಅವರ ಅನ್ನ ಈ ಉಪ್ಪಿನಲ್ಲಿದೆ. ಇದನ್ನು ಮೊದಲೇ ಹೇಳಲು ಕಾರಣವುಂಟು. ಉಪ್ಪುನೀರು ಎಂದೊಡನೆ ಅದನ್ನು ತಡೆಯಬೇಕಾದ ಶತ್ರು ಎಂದುಕೊಂಡರೆ ಈ ಪ್ರಕರಣ ಅರ್ಥವಾಗುವುದಿಲ್ಲ. ಬಾವಿಗೆ ಸಿಹಿ ಬೇಕು, ಹೊಳೆಗೆ ಉಪ್ಪು ಬೇಕು, ಗಜನಿಗೆ ಆರು ತಿಂಗಳು ಅದು, ಆರು ತಿಂಗಳು ಇದು.

ಗಜನಿ ಎಂದರೆ ಭರತದ ನೀರು ಹತ್ತಿ ಇಳಿಯುವ ತಗ್ಗುಭೂಮಿ. ಹೊಳೆಯ ಕಡೆಗೆ ಒಡ್ಡು ಕಟ್ಟಿ, ಒಡ್ಡಿನಲ್ಲಿ ಅಲ್ಲಲ್ಲಿ ಜಂತ್ರಡಿ ಇಡುತ್ತಾರೆ. ನಮ್ಮ ಕೇರಿಯ ಜಂತ್ರಡಿ ಎರಡು ಕಲ್ಲಿನ ಕಂಬಗಳ ಒಂದು ಕಿರಿದಾದ ಬಾಗಿಲು. ಕಂಬಗಳಿಗೆ ಉದ್ದಕ್ಕೂ ಕೊರೆದ ಗೀರಿನಲ್ಲಿ ಮರದ ಹಲಗೆಗಳನ್ನು ಒಂದರ ಮೇಲೊಂದು ಇಳಿಸುತ್ತಾರೆ. ಎಷ್ಟು ಹಲಗೆ ಇಳಿಸಿದರೆ ಅಷ್ಟು ಎತ್ತರಕ್ಕೆ ನೀರು ನಿಲ್ಲುತ್ತದೆ. ಸಂದುಗಳಿಗೆ ಜೇಡಿಮಣ್ಣು ಮೆತ್ತುತ್ತಾರೆ. ಇದರಲ್ಲಿ ಯಂತ್ರವೆಂಬುದು ಏನೂ ಇಲ್ಲ. ಆದರೆ ಯಾವ ತಿಥಿಗೆ ಭರತ ಎಷ್ಟು ಏರುತ್ತದೆ, ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಯಾವ ಹೊತ್ತಿಗೆ ಹಲಗೆ ಬೀಳಬೇಕು, ಮಳೆ ಬಿದ್ದ ರಾತ್ರಿ ಇಳಿತಕ್ಕೆ ಸರಿಯಾಗಿ ಯಾವಾಗ ಎತ್ತಬೇಕು ಎಂಬುದು ತಲೆಯಲ್ಲಿರುವ ಒಬ್ಬ ಮನುಷ್ಯ ಬೇಕು.

ಹಳೆಯ ಕ್ರಮ ಹೀಗಿತ್ತು. ಮುಂಗಾರು ಹಿಡಿದ ಮೇಲೆ ಪ್ರತಿ ಇಳಿತಕ್ಕೂ ಹಲಗೆ ಎತ್ತಿ ಗಜನಿಯ ಉಪ್ಪನ್ನು ಮಳೆನೀರಿನಿಂದ ತೊಳೆಯುವುದು. ಮಣ್ಣು ಸಿಹಿಯಾದ ಮೇಲೆ ಕಗ್ಗ ಎಂಬ ಭತ್ತದ ಮೊಳಕೆ ಬರಿಸಿದ ಬೀಜ ಚೆಲ್ಲುವುದು. ಕಗ್ಗ ಗೊಬ್ಬರ ಕೇಳುವುದಿಲ್ಲ, ಆಳೆತ್ತರಕ್ಕೆ ಬೆಳೆಯುತ್ತದೆ, ಕೆಲವು ದಿನ ನೆರೆಯಲ್ಲಿ ಮುಳುಗಿದರೂ ಸಾಯುವುದಿಲ್ಲ, ಸ್ವಲ್ಪ ಉಪ್ಪನ್ನೂ ತಾಳಿಕೊಳ್ಳುತ್ತದೆ. ಕೊಯ್ಲಿನಲ್ಲಿ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಾರೆ. ಆಮೇಲೆ ಭರತದ ನೀರಿಗೆ ಬಾಗಿಲು ತೆರೆದರೆ ಆ ಹುಲ್ಲು ಕೊಳೆತು ಶೆಟ್ಲಿಗೂ (ಸೀಗಡಿ) ಮೀನಿಗೂ ಆಹಾರವಾಗುತ್ತದೆ. ಮಾಣಿಕಟ್ಟೆಯ ರೈತರು ಈ ತಳಿಯನ್ನು ಇಂದಿಗೂ ಉಳಿಸಿಕೊಂಡು ಬಂದಿರುವುದು ಜಿಲ್ಲೆಗೆಲ್ಲ ಗೊತ್ತಿರುವ ಸಂಗತಿ.

ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಇನ್ನೊಂದು ಕೆಲಸ ಈ ಕ್ರಮದಲ್ಲಿ ನಡೆಯುತ್ತಿತ್ತು. ಜೂನ್‌ನಿಂದ ಕೊಯ್ಲಿನವರೆಗೆ ಗಜನಿಯಲ್ಲಿ ಸಿಹಿನೀರು ನಿಂತು ಕೇರಿಯ ಅಡಿಯ ಅಂತರ್ಜಲಕ್ಕೆ ಹೊಳೆಯ ಕಡೆಯಿಂದ ಒಂದು ಬೆಂಬಲ ಸಿಗುತ್ತಿತ್ತು. ಗುಡ್ಡದಿಂದ ಇಂಗಿ ಬಂದ ನೀರು ಹೊಳೆಗೆ ಸೋರಿಹೋಗುವ ವೇಗ ತಗ್ಗುತ್ತಿತ್ತು. ಬಾವಿಗಳಿಗೆ ಬೇಸಿಗೆಯ ನೀರು ಕೂಡಿಬರುತ್ತಿದ್ದುದು ಆ ತಿಂಗಳುಗಳಲ್ಲಿ.

ಕೆಟ್ಟದ್ದು ಹೇಗೆ

ಒಡ್ಡುಗಳನ್ನು ಹಿಂದೆ ಗಜನಿ ಒಡೆಯರೇ ಕೂಡಿ ಕಟ್ಟುತ್ತಿದ್ದರು, ಮಣ್ಣಿನಲ್ಲಿ. ವರ್ಷವೂ ದುರಸ್ತಿ, ವರ್ಷವೂ ಸಭೆ. 1970ರ ದಶಕದಲ್ಲಿ ಸರ್ಕಾರ ಕಲ್ಲಿನ ಒಡ್ಡುಗಳನ್ನು ಕಟ್ಟಿಕೊಟ್ಟಿತು. ಒಡ್ಡು ಗಟ್ಟಿಯಾಯಿತು, ಸಭೆ ನಿಂತಿತು. ಹಲಗೆ ಎತ್ತಿ ಇಳಿಸುವವನಿಗೆ ಭತ್ತದ ರೂಪದಲ್ಲಿ ಸಿಗುತ್ತಿದ್ದ ಪಾಲು ಕ್ರಮೇಣ ನಿಂತುಹೋಯಿತು.

ಆಮೇಲೆ ಸೀಗಡಿ ಕೃಷಿಯ ಕಾಲ ಬಂತು. ಗುತ್ತಿಗೆಯ ಹಣ ಕಗ್ಗದ ಆದಾಯಕ್ಕಿಂತ ಎಷ್ಟೋ ಹೆಚ್ಚಿತ್ತು, ಬೇಡವೆನ್ನುವುದು ಸುಲಭವಿರಲಿಲ್ಲ. 1990ರ ದಶಕದ ನಡುವಿನಲ್ಲಿ ಬಿಳಿಚುಕ್ಕೆ ರೋಗ ಭಾರತದ ಕರಾವಳಿಯ ಸೀಗಡಿ ಕೊಳಗಳನ್ನು ಖಾಲಿ ಮಾಡಿತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದೊಳಗಿನ ಸಾಂಪ್ರದಾಯಿಕವಲ್ಲದ ಸೀಗಡಿ ಕೃಷಿಗೆ ತಡೆ ಹಾಕಿತು, 2005ರಲ್ಲಿ ಪ್ರತ್ಯೇಕ ಕಾಯ್ದೆ ಬಂತು. ಇಷ್ಟೆಲ್ಲ ಆದರೂ ನಮ್ಮ ಕೇರಿಯ ಗಜನಿ ಗುತ್ತಿಗೆದಾರರ ಕೈಯಲ್ಲೇ ಉಳಿಯಿತು. ಗುತ್ತಿಗೆದಾರನಿಗೆ ಬೇಕಿರುವುದು ಬೇಗ ಒಳಬರುವ, ಎತ್ತರಕ್ಕೆ ನಿಲ್ಲುವ ಉಪ್ಪುನೀರು. ಹಾಗಾಗಿ ಕೊಯ್ಲಿಗೆ ಮೊದಲೇ ಬಾಗಿಲು ತೆರೆಯುತ್ತಿತ್ತು. ತೆನೆ ಕಟ್ಟುವ ಹೊತ್ತಿಗೆ ಉಪ್ಪು ನುಗ್ಗಿದರೆ ಕಗ್ಗವೂ ಜೊಳ್ಳಾಗುತ್ತದೆ. ಎರಡು ಮೂರು ಬೆಳೆ ಹೋದಮೇಲೆ ಬಿತ್ತುವವರು ಕೈಬಿಟ್ಟರು. ಬಿತ್ತುವವರು ಇಲ್ಲವೆಂದ ಮೇಲೆ ಉಪ್ಪು ತೊಳೆಯುವವರೂ ಇಲ್ಲ. ಹಲಗೆಗಳು ಕೊಳೆತವು, ಒಡ್ಡಿನಲ್ಲಿ ಏಡಿಗಳು ತೋಡಿದ ಬಿಲಗಳು ಕಂಡಿಗಳಾದವು, ಒಂದು ಮಳೆಗಾಲದ ನೆರೆಗೆ ಮೂಲೆಯ ಕಲ್ಲುಗಳು ಸರಿದು ಬಿದ್ದವು. ಒಡ್ಡಿನ ಹೊರಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ದಟ್ಟವಾಗಿದ್ದ ಭಾಗ ಮಾತ್ರ ಗಟ್ಟಿಯಾಗಿ ನಿಂತಿತು, ಬೋಳಾಗಿದ್ದ ಭಾಗವೇ ಕುಸಿದದ್ದು.

ಈಗ ನೀರಿನ ಮಟ್ಟಕ್ಕೆ ಯಜಮಾನನಿಲ್ಲ. ಮಳೆ ನಿಂತ ಕೂಡಲೇ ಸಿಹಿನೀರು ಒಂದೇ ಇಳಿತಕ್ಕೆ ಬಸಿದುಹೋಗುತ್ತದೆ, ಬೇಸಿಗೆಯ ಪ್ರತಿ ದೊಡ್ಡ ಭರತವೂ ಗಜನಿ ತುಂಬಿ ಹಳ್ಳದ ಗುಂಟ ಮನೆಯಂಗಳದವರೆಗೆ ಏರುತ್ತದೆ.

ಇದರ ಮೇಲೆ ಬೋರ್‌ವೆಲ್. ಬಾವಿ ಸವಳಾದಾಗ ಅನುಕೂಲವಿದ್ದ ಮನೆಗಳು ಆಳಕ್ಕೆ ಕೊರೆದವು. ಕಡಲಂಚಿನಲ್ಲಿ ಆಳಕ್ಕೆ ಹೋದಷ್ಟೂ ಸಿಹಿನೀರು ಸಿಗುತ್ತದೆಂಬುದು ಘಟ್ಟದ ಮೇಲಿನವರ ನಂಬಿಕೆ, ಇಲ್ಲಿಗೆ ಅದು ಸಲ್ಲದು. ಸಿಹಿನೀರು ಉಪ್ಪುನೀರಿಗಿಂತ ಹಗುರ. ಅದು ಉಪ್ಪಿನ ಮೇಲೆ ತೇಲುತ್ತಿರುತ್ತದೆ. ಕಡಲಮಟ್ಟಕ್ಕಿಂತ ಒಂದು ಅಡಿ ಎತ್ತರಕ್ಕೆ ಸಿಹಿನೀರು ನಿಂತಿದ್ದರೆ ಮಟ್ಟದ ಕೆಳಗೆ ಸುಮಾರು ನಲವತ್ತು ಅಡಿ ಸಿಹಿನೀರು ಇರಬಲ್ಲದು, ಇದು ಎರಡರ ಸಾಂದ್ರತೆಯ ಲೆಕ್ಕ. ಆ ಲೆಕ್ಕದ ಕ್ರೂರವಾದ ಮಗ್ಗುಲೆಂದರೆ ಪಂಪು ಹಚ್ಚಿ ಮೇಲಿನ ಒಂದು ಅಡಿಯನ್ನು ಇಳಿಸಿದರೆ ಕೆಳಗಿನ ಉಪ್ಪು ನಲವತ್ತು ಅಡಿ ಮೇಲೇರಲು ಹೊರಡುತ್ತದೆ. ಕಲ್ಲು, ಚಿರೇಕಲ್ಲು, ಜೇಡಿ ಬೆರೆತ ನಮ್ಮ ನೆಲದಲ್ಲಿ ಈ ಲೆಕ್ಕ ಅಚ್ಚೊತ್ತಿದಂತೆ ಕೂಡಿಬರುವುದಿಲ್ಲ, ಆದರೆ ದಿಕ್ಕು ಅದೇ. ಕೊರೆದ ಬೋರ್‌ವೆಲ್‌ಗಳು ಮೊದಲ ಬೇಸಿಗೆ ಸಿಹಿ ಕೊಟ್ಟವು. ಆಮೇಲೆ ತಾವೂ ಸವಳಾಗಿ, ಪಕ್ಕದ ಬಾವಿಗಳನ್ನೂ ಸವಳು ಮಾಡಿದವು.

ಬಾಟಲಿಗಳು ಹೇಳಿದ್ದು

ಕ್ಲೋರೈಡ್ ಅಳೆಯುವ ವಿಧಾನ ಪದವಿ ತರಗತಿಯ ಮಕ್ಕಳಿಗೆ ಗೊತ್ತಿರುವಂಥದ್ದೇ. ಬಾವಿನೀರಿಗೆ ಪೊಟ್ಯಾಸಿಯಂ ಕ್ರೋಮೇಟಿನ ಕೆಲವು ಹನಿ ಹಾಕಿದರೆ ನೀರು ನಿಂಬೆಹಳದಿಯಾಗುತ್ತದೆ. ಮೇಲಿನಿಂದ ಸಿಲ್ವರ್ ನೈಟ್ರೇಟ್ ಹನಿಹನಿಯಾಗಿ ಬಿಡಬೇಕು. ಉಪ್ಪು ಇರುವಷ್ಟು ಹೊತ್ತು ಬಿಳಿಯ ಮೋಡ ಏಳುತ್ತದೆ. ಉಪ್ಪು ಮುಗಿದ ಮರುಹನಿಗೆ ಹಳದಿ ಹೋಗಿ ಇಟ್ಟಿಗೆಗೆಂಪು ತಿರುಗುತ್ತದೆ. ಜಗಲಿಯ ಮೇಲೆ ಇದನ್ನು ಮಾಡುತ್ತಿದ್ದಾಗ ಕೇರಿಯ ಹೆಂಗಸರು ಸುತ್ತ ನಿಂತು ತಮ್ಮ ತಮ್ಮ ಬಾವಿಯ ಸರದಿಗೆ ಹನಿ ಎಣಿಸಿದರು. ಮೇಲುಕೇರಿಯ ಬಾವಿಗೆ ಬೇಗ ಕೆಂಪು, ನಡುಕೇರಿಗೆ ತಡವಾಗಿ, ಗಜನಿ ಅಂಚಿನ ಬಾವಿಗೆ ಬ್ಯುರೆಟ್ ಖಾಲಿಯಾಗುತ್ತ ಬಂದರೂ ಕೆಂಪಿಲ್ಲ. ಯಾವ ವರದಿಯೂ ಅಷ್ಟು ಸ್ಪಷ್ಟವಾಗಿ ಮಾತಾಡುವುದಿಲ್ಲ.

ಕುಡಿಯುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1000ದವರೆಗೆ ಸೈರಿಸಬಹುದು ಎಂಬುದು ಭಾರತೀಯ ಮಾನಕ. ಕಡಲನೀರಿನಲ್ಲಿ ಅದು ಸುಮಾರು 19,000 ಇರುತ್ತದೆ. ಅಂದರೆ ನೂರು ಕೊಡ ಸಿಹಿನೀರಿಗೆ ಒಂದೂಕಾಲು ಕೊಡ ಕಡಲನೀರು ಸೇರಿದರೆ ಸಾಕು, ಮೊದಲ ಗೆರೆ ಹತ್ತಿರವಾಗುತ್ತದೆ. ಐದಾರು ಕೊಡ ಸೇರಿದರೆ ಎರಡನೆಯ ಗೆರೆ. ಬಾವಿ ಎಷ್ಟು ಬೇಗ ಕೈಬಿಟ್ಟುಹೋಗುತ್ತದೆ ಎಂಬುದು ಈ ಅಂಕಿಗಳನ್ನು ನೋಡಿದರೆ ತಿಳಿಯುತ್ತದೆ.

ನಾವು ಎದುರುನೋಡದ ಸಂಗತಿ ಇನ್ನೊಂದು ಬಾಟಲಿಯಲ್ಲಿ ಸಿಕ್ಕಿತು. ಮಲದ ಕಲ್ಮಶವನ್ನು ಪತ್ತೆ ಮಾಡಲು ಒಂದು ಅಗ್ಗದ ಪರೀಕ್ಷೆಯಿದೆ, 1982ರಲ್ಲಿ ನಮ್ಮ ದೇಶದ ವಿಜ್ಞಾನಿಗಳೇ ರೂಪಿಸಿದ್ದು: ಪರೀಕ್ಷೆಯ ರಾಸಾಯನಿಕ ಹಾಕಿದ ಸಣ್ಣ ಬಾಟಲಿಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಟ್ಟರೆ ಕೆಟ್ಟ ನೀರು ಕಪ್ಪಾಗುತ್ತದೆ. ಮೇಲುಕೇರಿಯ ಅತ್ಯಂತ ಸಿಹಿಯಾದ ಬಾವಿ, ಬೇಸಿಗೆಯಲ್ಲಿ ಇಡೀ ಕೇರಿ ಹಗ್ಗ ಬಿಡುತ್ತಿದ್ದ ಬಾವಿ, ಮಸಿಯ ಹಾಗೆ ಕಪ್ಪಾಯಿತು. ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ಕಟ್ಟೆ ಒಡೆದಿತ್ತು, ಬಟ್ಟೆ ಒಗೆದ ನೀರು ತಿರುಗಿ ಬಾವಿಗೇ ಇಳಿಯುತ್ತಿತ್ತು, ಸ್ವಲ್ಪ ಮೇಲೆ ಹೊಸದಾಗಿ ಕಟ್ಟಿದ ಶೌಚಾಲಯದ ಇಂಗುಗುಂಡಿ. ಚಿರೇಕಲ್ಲಿನ ನೆಲದಲ್ಲಿ ತೂತುಗಳು ತುಂಬ, ನೀರು ಸೋಸಿಕೊಳ್ಳದೆ ಹರಿದುಬಿಡುತ್ತದೆ. ನಾಲ್ಕಾರು ಬಾವಿಗಳ ಭಾರ ಒಂದೇ ಬಾವಿಯ ಮೇಲೆ ಬಿದ್ದುದರಿಂದ ಕಟ್ಟೆಯ ಬಳಿ ಸದಾ ಜನ, ಸದಾ ಕೆಸರು. ಸವಳಿನಿಂದ ಓಡಿಬಂದವರಿಗೆ ಸಿಕ್ಕಿದ್ದು ಈ ನೀರು. ನಾಲಿಗೆ ಉಪ್ಪನ್ನು ಹಿಡಿಯುತ್ತದೆ, ಇದನ್ನು ಹಿಡಿಯುವುದಿಲ್ಲ. ಮಕ್ಕಳ ಹೊಟ್ಟೆನೋವಿಗೆ ಮಾವಿನಕಾಯಿಯನ್ನು ದೂರುತ್ತಿದ್ದ ತಾಯಂದಿರು ಆ ಬಾಟಲಿಯನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ಅದೇ ವಾರ ಕಟ್ಟೆ ದುರಸ್ತಿಯಾಯಿತು, ಸುತ್ತ ಸಿಮೆಂಟಿನ ಜಗುಲಿ, ನೀರು ಹೊರಹೋಗಲು ಕಾಲುವೆ. ಬ್ಲೀಚಿಂಗ್ ಪುಡಿ ಹಾಕುವ ಹೊಣೆಯನ್ನು ಆಶಾ ಕಾರ್ಯಕರ್ತೆ ವಹಿಸಿಕೊಂಡರು. ಶೌಚಗುಂಡಿಯನ್ನು ಸ್ಥಳಾಂತರಿಸಲು ಮಾತ್ರ ಒಂದು ವರ್ಷ ಹಿಡಿಯಿತು.

ಸಭೆಯಲ್ಲಿ ಯಾರು ಕೂರಬೇಕು

ಜಂತ್ರಡಿಯ ಹಲಗೆ ಮಾಡಿಸುವುದು ದೊಡ್ಡ ಖರ್ಚಲ್ಲ. ಕಷ್ಟವಿದ್ದುದು ಬೇರೆಡೆ. ಜಂತ್ರಡಿಯ ತೀರ್ಮಾನ ಯಾವತ್ತೂ ಗಜನಿ ಒಡೆಯರದು. ಒಡೆಯರಲ್ಲಿ ಅನೇಕರು ಈಗ ಮೇಲುಕೇರಿಯವರು ಅಥವಾ ಊರುಬಿಟ್ಟವರು, ಅವರ ಬಾವಿ ಸಿಹಿ ಅಥವಾ ಅವರಿಗೆ ಬಾವಿಯೇ ಬೇಡ. ಅಂಚಿನ ಮನೆಗಳಲ್ಲಿರುವ ಅಂಬಿಗರಿಗೂ ಕೂಲಿಯ ಕುಟುಂಬಗಳಿಗೂ ಗಜನಿಯಲ್ಲಿ ಗೇಣು ಜಾಗವಿಲ್ಲ. ಹಲಗೆ ತಪ್ಪು ಹೊತ್ತಿಗೆ ಎದ್ದರೆ ಮೊದಲು ಸವಳಾಗುವುದು ಅವರ ಬಾವಿ. ಅವರನ್ನು ಕೇಳುವವರಿಲ್ಲ. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಗಂಟು ಇದೇ. ನೀರಿನ ಗುಣ ಕೆಟ್ಟಾಗ ನಾವು ಇಂಜಿನಿಯರನ್ನು ಕರೆಯುತ್ತೇವೆ, ಒಡ್ಡಿನ ಎತ್ತರ ಹೆಚ್ಚಿಸಲು ಹಣ ಕೇಳುತ್ತೇವೆ. ಒಡ್ಡಿನ ಬಾಗಿಲನ್ನು ಯಾರ ಮಾತಿನ ಮೇಲೆ ತೆರೆಯುತ್ತಾರೆ ಎಂದು ಕೇಳುವುದಿಲ್ಲ.

ಶಾಲೆಯಲ್ಲಿ ನಡೆದ ಸಭೆಗೆ ಮೂರೂ ಕಡೆಯವರು ಬಂದರು. ಮಾತು ಬಿಸಿಯಾಯಿತು. ಗುತ್ತಿಗೆದಾರರದೂ ಸುಳ್ಳು ವಾದವಾಗಿರಲಿಲ್ಲ: ಮುಂಗಡ ಕೊಟ್ಟಾಗಿದೆ, ನೀರು ತಗ್ಗಿದರೆ ಬಿಸಿಲಿಗೆ ಶೆಟ್ಲಿ ಸಾಯುತ್ತದೆ. ಅಂಚಿನ ಮನೆಯ ಅಜ್ಜಿಯೊಬ್ಬರು ಕೂತಲ್ಲಿಂದಲೇ ಕೇಳಿದರು: "ನಿಮ್ಮ ಶೆಟ್ಲಿಗೆ ಉಪ್ಪುನೀರು ಬೇಕು ತಮ್ಮಾ, ಒಪ್ಪಿದೆ. ನನ್ನ ಮೊಮ್ಮಗುವಿಗೆ ಯಾವ ನೀರು ಅಂತ ನೀವೇ ಹೇಳಿ." ಅಲ್ಲಿಂದ ಮಾತು ಬಾಗಿಲು ಬೇಕೋ ಬೇಡವೋ ಎಂಬಲ್ಲಿಂದ ಎಷ್ಟು ಎತ್ತರ, ಯಾವ ತಿಂಗಳು ಎಂಬಲ್ಲಿಗೆ ಸರಿಯಿತು.

ಆ ಎತ್ತರವನ್ನು ಹೇಗೆ ನಿರ್ಧರಿಸಿದೆವೆಂಬುದನ್ನು ವಿವರವಾಗಿ ಬರೆಯುತ್ತೇನೆ. ಬೇರೆ ಊರಿನವರೂ ಮಾಡಬಹುದಾದ ಕೆಲಸ ಅದು. ಗಜನಿಯ ನೀರು ಬಾವಿಯ ನೀರಿಗಿಂತ ಎತ್ತರದಲ್ಲಿ ನಿಂತರೆ ಉಪ್ಪು ಬಾವಿಯ ಕಡೆಗೆ ಸರಿಯುತ್ತದೆ, ತಗ್ಗಿನಲ್ಲಿ ನಿಂತರೆ ಸಿಹಿ ಗಜನಿಯ ಕಡೆಗೆ. ಆದ್ದರಿಂದ ಏಪ್ರಿಲ್ ಕೊನೆಯಲ್ಲಿ ನಡುಕೇರಿಯ ಬಾವಿಗಳ ನೀರಿನ ಮಟ್ಟ ಎಲ್ಲಿರುತ್ತದೆಂದು ಹಿಡಿದು, ಅದಕ್ಕಿಂತ ಕೆಳಗಿನ ಒಂದು ಗೆರೆಯನ್ನು ಜಂತ್ರಡಿಯ ಕಂಬದ ಮೇಲೆ ಹಾಕಬೇಕು. ಬೆಲೆಬಾಳುವ ಉಪಕರಣ ಇರಲಿಲ್ಲ. ಊರಿನ ಗೌಂಡಿ ತನ್ನ ಪಾರದರ್ಶಕ ಪ್ಲಾಸ್ಟಿಕ್ ಪೈಪನ್ನು ತಂದ, ಮನೆಯ ತಳಪಾಯಕ್ಕೆ ಮಟ್ಟ ಹಿಡಿಯುವ ಪೈಪು. ಅದರಲ್ಲಿ ನೀರು ತುಂಬಿ, ಗುಳ್ಳೆ ಕಳೆದು, ಒಂದು ತುದಿಯನ್ನು ಬಾವಿಕಟ್ಟೆಗೂ ಇನ್ನೊಂದನ್ನು ಮುಂದಿನ ಗೂಟಕ್ಕೂ ಹಿಡಿದು, ಗೂಟದಿಂದ ಗೂಟಕ್ಕೆ ಮಟ್ಟ ದಾಟಿಸುತ್ತ ಜಂತ್ರಡಿಯವರೆಗೆ ಹೋದೆವು. ಮಧ್ಯಾಹ್ನದ ಸೆಕೆಯಲ್ಲಿ ಪೈಪಿನ ನೀರು ಸ್ಥಿರವಾಗುವವರೆಗೆ ಎಲ್ಲರೂ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಕಟ್ಟೆಯಿಂದ ನೀರಿಗೆ ಹಗ್ಗ ಬಿಟ್ಟು ಅಳೆದ ಆಳವನ್ನು ಕಳೆದರೆ ಮಟ್ಟ ಸಿಕ್ಕಿತು. ಗುತ್ತಿಗೆದಾರರ ಕಡೆಯವರು ಒಂದು ಕಡೆಯಿಂದ, ಅಂಚಿನ ಮನೆಯವರು ಇನ್ನೊಂದು ಕಡೆಯಿಂದ ಪೈಪು ಹಿಡಿದಿದ್ದರು. ಆಮೇಲೆ ಯಾರೂ ಅಳತೆಯನ್ನು ಪ್ರಶ್ನಿಸಲಿಲ್ಲ. ಕಂಬದ ಮೇಲೆ ಕೆಂಪು ಬಣ್ಣದ ಗೆರೆ ಎಳೆದದ್ದು ಗೌಂಡಿಯೇ.

ಒಪ್ಪಂದ ಸರಳವಾಗಿತ್ತು. ಮುಂಗಾರು ಹಿಡಿದಲ್ಲಿಂದ ಕೊಯ್ಲು ಮುಗಿಯುವವರೆಗೆ ಉಪ್ಪುನೀರಿಗೆ ಬಾಗಿಲಿಲ್ಲ, ಆ ವರ್ಷ ಯಾರೂ ಬಿತ್ತದಿದ್ದರೂ ಸರಿ. ಕೊಯ್ಲಿನ ನಂತರ ಗುತ್ತಿಗೆದಾರರು ಭರತದ ನೀರು ತೆಗೆದುಕೊಳ್ಳಬಹುದು, ಕೆಂಪು ಗೆರೆ ದಾಟುವಂತಿಲ್ಲ. ಹಲಗೆ ನೋಡಿಕೊಳ್ಳುವವನಿಗೆ ಸಂಬಳ, ಅದು ಗುತ್ತಿಗೆಯ ಹಣದಿಂದ ಎಲ್ಲಕ್ಕಿಂತ ಮೊದಲು. ಸಮಿತಿಯಲ್ಲಿ ಗಜನಿ ಇಲ್ಲದ ಅಂಚಿನ ಮನೆಗಳ ಇಬ್ಬರು, ಅವರಲ್ಲಿ ಒಬ್ಬರು ಹೆಂಗಸು. ಬೋರ್‌ವೆಲ್ ಪಂಪುಗಳನ್ನು ಮಾರ್ಚ್‌ನಿಂದ ಮಳೆ ಬರುವವರೆಗೆ ತೋಟಕ್ಕೆ ಹಚ್ಚುವಂತಿಲ್ಲ. ಈ ಕೊನೆಯದು ಬಾಯಿಮಾತಿನಲ್ಲೇ ಉಳಿಯಿತು.

ಗುಡ್ಡದ ಕಡೆಯ ಕೆಲಸ ಸದ್ದಿಲ್ಲದೆ ನಡೆಯಿತು. ಹೂಳು ತುಂಬಿದ್ದ ಕೆರೆಯನ್ನು ಉದ್ಯೋಗ ಖಾತರಿಯಲ್ಲಿ ಕೆದಕಿದರು, ಮಳೆ ನಿಂತ ಮೇಲೆ ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಚೀಲಗಳ ಕಟ್ಟ ಹಾಕುವ ರೂಢಿ ಮತ್ತೆ ಶುರುವಾಯಿತು.

ಇದೇ ಬಾಗಿಲು, ದೊಡ್ಡ ಅಳತೆಯಲ್ಲಿ

ಸಭೆಯಲ್ಲಿ ನಾನು ನೆದರ್ಲೆಂಡ್ಸ್‌ನ ಹಾರಿಂಗ್‌ವ್ಲೀಟ್ ಬಗ್ಗೆ ಹೇಳಿದ್ದೆ. 1953ರ ಕಡಲುಬ್ಬರದಲ್ಲಿ 1800ಕ್ಕೂ ಹೆಚ್ಚು ಜನರನ್ನು ಕಳೆದುಕೊಂಡ ಆ ದೇಶ ಅಳಿವೆಗಳ ಬಾಯಿಗೆ ಅಣೆಗಳನ್ನು ಕಟ್ಟಿತು. ರೈನ್ ಮತ್ತು ಮಾಸ್ ನದಿಗಳ ನೀರು ಕಡಲಿಗೆ ಹೋಗುವ ಹಾರಿಂಗ್‌ವ್ಲೀಟ್ ಅಳಿವೆ 1970ರಲ್ಲಿ ಮುಚ್ಚಿತು, ಒಳಗೆ ಸಿಹಿನೀರಿನ ಸರೋವರವಾಯಿತು. ಜನ ಸುರಕ್ಷಿತರಾದರು, ಕುಡಿಯಲು ನೀರು ಸಿಕ್ಕಿತು. ಆದರೆ ಕಡಲಿನಿಂದ ನದಿಗೆ ಏರಿಹೋಗುವ ಸಾಲ್ಮನ್‌ನಂಥ ಮೀನುಗಳ ದಾರಿ ಕಟ್ಟಿತು, ಅಳಿವೆಯ ಬದುಕು ಬಡವಾಯಿತು. ಯುರೋಪಿಯನ್ ಒಕ್ಕೂಟ 2000ದಲ್ಲಿ ನೀರಿಗಾಗಿ ಒಂದು ಚೌಕಟ್ಟಿನ ಕಾನೂನು ಮಾಡಿಕೊಂಡಿತು. ನದಿ, ಅಳಿವೆ, ಕರಾವಳಿ, ಅಂತರ್ಜಲ ಎಲ್ಲವನ್ನೂ ಒಂದೇ ಜಲಾನಯನದ ಲೆಕ್ಕದಲ್ಲಿ ನೋಡಬೇಕು, 2015ರೊಳಗೆ ಎಲ್ಲವೂ ಒಳ್ಳೆಯ ಸ್ಥಿತಿಗೆ ಬರಬೇಕು ಎಂಬುದು ಅದರ ಗುರಿ. ಗುರಿ ಮುಟ್ಟಲಿಲ್ಲ, ಕೊನೆಯ ಗಡುವು 2027ಕ್ಕೆ ಹೋಗಿದೆ. ಆದರೂ ರೈನ್ ನದಿಯ ಮೇಲಿನ ದೇಶಗಳು ಮೀನಿನ ದಾರಿಗೆ ಹಣ ಹಾಕಿ ಕೆಳಗಿನ ಬಾಗಿಲಿನ ಕಡೆ ನೋಡುತ್ತಿದ್ದಾಗ ಡಚ್ಚರು 2018ರಲ್ಲಿ ಆ ಬಾಗಿಲನ್ನು ಭರತದ ಹೊತ್ತಿಗೆ ಸ್ವಲ್ಪವೇ ತೆರೆದಿಡಲು ಆರಂಭಿಸಿದರು. ಅದಕ್ಕೆ ಮೊದಲು ಕುಡಿಯುವ ನೀರು ಎತ್ತುವ ಜಾಗಗಳನ್ನು ಇನ್ನೂ ಒಳಕ್ಕೆ ಸರಿಸಿದರು, ಉಪ್ಪು ಎಲ್ಲಿಯವರೆಗೆ ಬರಬಹುದೆಂಬ ಗೆರೆಯನ್ನೂ ಹಾಕಿಕೊಂಡರು. ನದಿಯಲ್ಲಿ ನೀರು ಕಡಿಮೆಯಾದರೆ ಬಾಗಿಲು ಮುಚ್ಚುತ್ತದೆ.

ಇದನ್ನು ಕೇಳಿ ಕೇರಿಯ ಹಿರಿಯರು, "ಅಷ್ಟು ದೊಡ್ಡ ದೇಶದವರಿಗೂ ಕಂಬದ ಮೇಲೆ ಗೆರೆ ಬೇಕಾಯಿತೇ?" ಎಂದರು. ಅವರ ದನಿಯಲ್ಲಿದ್ದುದು ಸಮಾಧಾನ. ನಾನು ಆ ಉದಾಹರಣೆ ಕೊಟ್ಟದ್ದಕ್ಕೆ ಕಾರಣ ಅವರ ಹಣ ಅಥವಾ ತಂತ್ರಜ್ಞಾನ ಅಲ್ಲ. ಅಲ್ಲಿ ಬಾಗಿಲು ನೋಡುವವರಿಗೆ ಸಂಬಳವಿದೆ, ಅಧಿಕಾರವಿದೆ, ಯಾವಾಗ ಮುಚ್ಚಬೇಕೆಂಬ ಲಿಖಿತ ನಿಯಮವಿದೆ. ನಮ್ಮಲ್ಲಿ ಒಡ್ಡಿಗೆ ಅಂದಾಜುಪಟ್ಟಿ ಇರುತ್ತದೆ, ಟೆಂಡರ್ ಇರುತ್ತದೆ. ಹಲಗೆ ಎತ್ತುವವನಿಗೆ ಯಾವ ಕಡತದಲ್ಲೂ ಜಾಗವಿಲ್ಲ. ಇದು ನನ್ನನ್ನು ಇಂದಿಗೂ ಸಿಟ್ಟಿಗೆಬ್ಬಿಸುತ್ತದೆ.

ಏನಾಯಿತು, ಏನು ಬಾಕಿ

ಮೊದಲ ಬೇಸಿಗೆಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ನೆಲಕ್ಕೆ ಸೇರಿದ ಉಪ್ಪು ಒಂದೇ ಮಳೆಗಾಲಕ್ಕೆ ತೊಳೆದುಹೋಗುವುದಿಲ್ಲ. ಎರಡನೆಯ ಮಳೆಗಾಲ ಕಳೆದ ಮೇಲೆ ನಡುಕೇರಿಯ ಬಾವಿಗಳ ನೀರು ಯುಗಾದಿ ದಾಟಿದರೂ ಕುಡಿಯುವಂತಿತ್ತು, ಟ್ಯಾಂಕರ್ ಮೊದಲಿಗಿಂತ ತಡವಾಗಿ ಬಂತು. ಗಜನಿ ಅಂಚಿನ ಬಾವಿಗಳು ಮಳೆಗಾಲದ ಬಾವಿಗಳಾಗಿಯೇ ಉಳಿದವು. ಅವು ಮತ್ತೆ ಬೇಸಿಗೆಗೆ ಒದಗುತ್ತವೆಂಬ ಭರವಸೆ ನನಗಿಲ್ಲ. ಆ ಮನೆಗಳಿಗೆ ನಲ್ಲಿನೀರೇ ದಾರಿ. ಮನೆಮನೆಗೆ ಗಂಗೆ ಯೋಜನೆಯ ನಲ್ಲಿ ಅಂಗಳದಲ್ಲಿ ನಿಂತಿದೆ, ನೀರಿನ ಮೂಲ ಬೇಸಿಗೆಯಲ್ಲಿ ತಡೆಯುವಂತಾದರೆ ಅದು ಉಪಯೋಗಕ್ಕೆ ಬರುತ್ತದೆ. ತೀರ ಕೆಟ್ಟ ಬೋರ್‌ವೆಲ್ ಒಂದನ್ನು ಮುಚ್ಚಿದರು, ಉಳಿದವು ಮಾರ್ಚ್ ಕಳೆದ ಮೇಲೂ ರಾತ್ರಿ ಹೊತ್ತು ಓಡುತ್ತಿವೆ ಎಂಬ ದೂರು ಇದ್ದೇ ಇದೆ. ಮೇಲುಕೇರಿಯ ಬಾವಿಯ ಬಾಟಲಿ ಈಗ ಕಪ್ಪಾಗುತ್ತಿಲ್ಲ, ಮೊದಲ ಮಳೆಯ ವಾರ ಒಂದನ್ನು ಬಿಟ್ಟು. ಆ ವಾರ ಕುದಿಸಿ ಕುಡಿಯಿರಿ ಎಂದು ಶಾಲೆಯ ಗೋಡೆಯ ಮೇಲೆ ಬರೆಯುತ್ತಾರೆ.

ಗಜನಿಯ ಒಂದು ಮೂಲೆಯಲ್ಲಿ ಕಗ್ಗ ಮತ್ತೆ ಬಂದಿದೆ. ಬೀಜವನ್ನು ಬೇರೆ ಊರಿನಿಂದ ತರಬೇಕಾಯಿತು. ಬಿತ್ತಿದವರು ಅಕ್ಕಿಗಾಗಿ ಬಿತ್ತಿದರು. ನನಗೆ ಅದರಲ್ಲಿ ಬಾವಿಯ ಕಾವಲೂ ಕಾಣುತ್ತದೆ, ಏಕೆಂದರೆ ಬೆಳೆ ನಿಂತಿರುವವರೆಗೆ ಬಾಗಿಲನ್ನು ತಪ್ಪು ಹೊತ್ತಿಗೆ ತೆರೆಯುವ ಧೈರ್ಯ ಯಾರಿಗೂ ಬರುವುದಿಲ್ಲ.

ಕೇರಿಯ ಕೈಮೀರಿದ ಸಂಗತಿಯೂ ಒಂದಿದೆ. ಅಘನಾಶಿನಿಯ ನೀರನ್ನು ಪೂರ್ವಕ್ಕೆ, ವೇದಾವತಿಗೆ ತಿರುಗಿಸುವ ಪ್ರಸ್ತಾಪಕ್ಕೆ ಶಿರಸಿಯಲ್ಲಿ ವಿರೋಧವಿದೆ. ಅಲ್ಲಿಯ ಮಾತು ಹೆಚ್ಚಾಗಿ ಕಾಡಿನದು, ತೋಟದ್ದು. ಕೆಳಗಿನ ಅಳಿವೆಯ ಬಾವಿಗಳ ಮಾತೂ ಅದರಲ್ಲಿ ಸೇರಬೇಕು. ಮೇಲಿನಿಂದ ಸಿಹಿನೀರಿನ ಒತ್ತಡ ತಗ್ಗಿದಷ್ಟೂ ಉಪ್ಪು ಹೊಳೆಯಲ್ಲಿ ಒಳಕ್ಕೆ ಏರುತ್ತದೆ, ಆಗ ನಾವು ಪೈಪು ಹಿಡಿದು ಅಳೆದ ಕೆಂಪು ಗೆರೆಗೆ ಅರ್ಥ ಉಳಿಯುವುದಿಲ್ಲ.

ಸದ್ಯಕ್ಕೆ ಎದುರಿಗಿರುವುದು ಸಣ್ಣ ವಿಷಯ. ಹಲಗೆ ನೋಡಿಕೊಳ್ಳುತ್ತಿರುವವರಿಗೆ ವಯಸ್ಸಾಗಿದೆ, ಮಗ ಗೋವಾದಲ್ಲಿ ದುಡಿಯುತ್ತಾನೆ. ಹೊಸ ಗುತ್ತಿಗೆಯ ಕರಾರಿನಲ್ಲಿ ಅವರ ಸಂಬಳದ ಸಾಲು ಬಿಟ್ಟುಹೋಗುವ ಲಕ್ಷಣ ಕಂಡಿದ್ದರಿಂದ ಸಮಿತಿಯವರು ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದಾರೆ: ಟ್ಯಾಂಕರ್ ನೀರಿಗೆ ಮೀಸಲಿಡುವ ಹಣದಲ್ಲಿ ಒಂದು ಪಾಲನ್ನು ಜಂತ್ರಡಿಯ ನಿರ್ವಹಣೆಗೆ ಕೊಡಿ, ಅದನ್ನು ಕುಡಿಯುವ ನೀರಿನ ಕೆಲಸವೆಂದೇ ಬರೆದುಕೊಳ್ಳಿ. ಅರ್ಜಿಗೆ ಬಾವಿಗಳ ಪರೀಕ್ಷೆಯ ಪಟ್ಟಿಯನ್ನು ಲಗತ್ತಿಸಿ, ನಮ್ಮ ವಿದ್ಯಾರ್ಥಿಗಳೂ ಸಹಿ ಹಾಕಿದ್ದಾರೆ. ಮುಂದಿನ ಗ್ರಾಮಸಭೆಯಲ್ಲಿ ಅದು ಚರ್ಚೆಗೆ ಬರಲಿದೆ.